ಒಂದೂವರೆ ಸುತ್ತು

ನಮ್ಮದು ಚಹಾದ ಮನೆ. ನಮ್ಮೂರಲ್ಲಿ ಕಾಫಿ ಬೇಕೆಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಅಂಥ ಮನೆಗೆ ಮೊಮ್ಮಗಳು ಒಂದು ಹಳೆಯ ಕಾಫಿ ಯಂತ್ರ ತಂದಳು. ಸಾಂಗಲಿಯ ಕಾಫಿ ಅಂಗಡಿಯೊಂದರಲ್ಲಿ ಒಂದು ವರ್ಷ ಕೆಲಸ ಮಾಡಿ ಬಂದಿದ್ದಳು.

ನಮ್ಮ ಮುಂದಿನ ಕೋಣೆಯ ಬಾಗಿಲು ರಸ್ತೆಗೇ ತೆರೆಯುತ್ತದೆ. ರವಿವಾರ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗುವ ಗಾಡಿಗಳೆಲ್ಲ ಅದರ ಮುಂದೆಯೇ ಹಾಯಬೇಕು. ಆ ಕೋಣೆಯಲ್ಲಿ ತನ್ನದೊಂದು ಕಾಫಿ ಅಂಗಡಿ ಇಡಬೇಕೆಂದು ಅವಳು ಹಟ ಹಿಡಿದಳು. ಅದೇ ಕೋಣೆಯನ್ನು ಗೊಬ್ಬರದ ವ್ಯಾಪಾರಿಯೊಬ್ಬ ಬಾಡಿಗೆಗೆ ಕೇಳಿದ್ದ.

ನನ್ನ ಮಗ ಅವಳಿಗೆ ಒಂದೇ ಮಾತು ಹೇಳಿದ. "ರವಿವಾರ ನನ್ನ ದೋಸ್ತರು ಬರ್ತಾರ. ಕಾಫಿ ಮಾಡಿ ಕುಡಸ. ಚಲೋ ಆತಂದ್ರ ಖೋಲಿ ನಿಂದ. ಇಲ್ಲಂದ್ರ ಗೊಬ್ಬರದಾಂವಗ."

ಯಂತ್ರ ಬಂದ ಹಾಗೆಯೇ ಬಿಟ್ಟರೆ ಒತ್ತಡ ಹೆಚ್ಚಾಗಿ ಕಾಫಿ ವಿಪರೀತ ಕಹಿಯಾಗುತ್ತದಂತೆ. ಅವಳು ಕವರು ಬಿಚ್ಚಿದಳು, ಪುಡಿ ತುಂಬುವ ಹಿಡಿಕೆಗೆ ಪ್ರೆಶರ್ ಮೀಟರ್ ಸಿಕ್ಕಿಸಿದಳು, ಒಳಗಿನ ಸ್ಪ್ರಿಂಗಿನ ಸ್ಕ್ರೂವನ್ನು ಚೂರು ಚೂರೇ ಸಡಿಲಿಸುತ್ತ ನಾಲ್ಕು ದಿನ ಅದರ ಮುಂದೆ ಕೂತಳು. ಶನಿವಾರ ಮೀಟರಿನ ಮುಳ್ಳು ಒಂಬತ್ತಕ್ಕೆ ಇಳಿದು ನಿಂತಾಗ ಮೀಟರ್ ಬಿಚ್ಚಿಟ್ಟು ಮೊದಲ ಕಪ್ಪು ನನಗೇ ತಂದಳು. ನಾನು ಮುಟ್ಟಲಿಲ್ಲ.

"ಮುಳ್ಳ ಇಳದೈತಲ್ಲ ಬೇ, ಇದರಾಗೇನ ದಮ್ಮಿರತೈತಿ?" ಎಂದೆ.

"ಆಯಿ, ಇದೇನ ದ್ರಾಕ್ಷಿಗೆ ಔಷಧ ಹೊಡಿಯೂದಲ್ಲ. ನಿನಗ ತಿಳಿಯಾಂಗಿಲ್ಲ, ಸುಮ್ಮ ಕುಂಡ್ರ."

ನಗುತ್ತಲೇ ಅಂದಳು. ಮಗನೂ ನಕ್ಕ. ಅದು ನನಗೆ ಚುಚ್ಚಿತು.

ಗಂಡ ಹೋದ ಮೇಲೆ ಎರಡೆಕರೆ ದ್ರಾಕ್ಷಿಗೆ ಔಷಧ ಹೊಡೆದು ಬೆಳೆಸಿದವಳು ನಾನು. ಪಂಪಿನ ಮುಳ್ಳು ಇಳಿದರೆ ಔಷಧ ದಪ್ಪ ಹನಿಯಾಗಿ ನೆಲಕ್ಕೆ ಸುರಿಯುತ್ತದೆ, ಎಲೆಯ ಹಿಂಬದಿಗೆ ತಾಗುವುದಿಲ್ಲ. ಸ್ಕ್ರೂ ಬಿಗಿ ಮಾಡಬೇಕು, ಮುಳ್ಳು ಏರಬೇಕು, ಔಷಧ ಮಂಜಿನ ಹಾಗೆ ಹಾರಬೇಕು. ನಾನು ಕಲಿತದ್ದು ಎರಡನೇ ಇಯತ್ತೆಯಾದರೂ ಆ ಮುಳ್ಳನ್ನು ನನ್ನಷ್ಟು ಚೆನ್ನಾಗಿ ಓದುವವರು ಇರಲಿಲ್ಲ. ಮಗ ಟ್ರ್ಯಾಕ್ಟರಿನ ಪಂಪು ತಂದ ಮೇಲೆ ನನ್ನನ್ನು ಯಾರೂ ಕೇಳುವುದಿಲ್ಲ.

ರವಿವಾರ ಬೆಳಿಗ್ಗೆ ಅವಳು ಹಾಲು ತರಲು ಹೋದಳು. ಯಂತ್ರದ ಕವರು ಇನ್ನೂ ತೆರೆದೇ ಇತ್ತು, ಸ್ಕ್ರೂ ಡ್ರೈವರ್ ಪಕ್ಕದಲ್ಲೇ ಬಿದ್ದಿತ್ತು. ಸ್ಕ್ರೂವನ್ನು ಬಲಕ್ಕೆ ತಿರುವಿದೆ. ಒಂದೂವರೆ ಸುತ್ತು. ಅವಳಿಗೆ ಒಳ್ಳೆಯದಾಗಲೆಂದು ತಿರುವಿದೆ ಎಂದು ಹೇಳಿದರೆ ಅರ್ಧ ಸುಳ್ಳು. ಕಾಫಿ ಚಲೋ ಆದ ಮೇಲೆ, ಸ್ಕ್ರೂ ಬಿಗಿ ಮಾಡಿದ್ದು ನಾನು ಎಂದು ಎಲ್ಲರೆದುರು ಹೇಳಬೇಕಿತ್ತು ನನಗೆ.

ಅವಳು ಬಂದವಳೇ ಗಡಿಬಿಡಿಯಲ್ಲಿ ಕವರು ಹಾಕಿದಳು. ಮಗನ ದೋಸ್ತರು ಆಗಲೇ ಬಂದು ಕೂತಿದ್ದರು.

ಮೊದಲ ಗುಟುಕಿಗೇ ಒಬ್ಬ ಮುಖ ಕಿವುಚಿದ. "ಏನವಾ ತಂಗಿ, ಬೇವಿನ ತಪ್ಪಲಾ ಕುದಿಸಿಯೇನ?"

ಇನ್ನೊಬ್ಬ, "ನಮ್ಮ ಎಮ್ಮಿ ಹೊಟ್ಟಿ ಉಬ್ಬಿದಾಗ ಇಂಥಾದ್ದ ಕುಡಸ್ತೇವಲೇ" ಎಂದ. ಎಲ್ಲರೂ ಹೋ ಎಂದು ನಕ್ಕರು.

ಅವಳು ಪುಡಿ ಬದಲಿಸಿ ಮತ್ತೆ ಮಾಡಿದಳು. ಅದು ಇನ್ನೂ ಕಹಿಯಾಯಿತು. ಅವಳ ಕಿವಿ ಕೆಂಪಾದವು. ಮಗ ಕಿಟಕಿಯ ಕಡೆ ಮುಖ ತಿರುಗಿಸಿದ. ಆಗ ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಎದ್ದು ಹೋಗಿ ಶುಂಠಿ ಜಜ್ಜಿ ಚಹಾ ಮಾಡಿ ತಂದುಕೊಟ್ಟೆ.

"ಚಹಾ ಅಂದ್ರ ಕಾಕೂ ಮಾಡಿದ್ದ ನೋಡ್ರಿ!" ಎಂದರು. ನಾನು ಹಲ್ಲು ಕಿರಿದು ನಿಂತೆ. ಈಗ ನೆನೆದರೆ ನನ್ನ ಮೋರೆಗೆ ನಾನೇ ಉಗಿಯಬೇಕೆನಿಸುತ್ತದೆ.

ಅಂದೇ ಮಗ ಗೊಬ್ಬರದವನಿಗೆ ಮಾತು ಕೊಟ್ಟ. ಎಂಟನೆಯ ದಿನ ಚೀಲಗಳು ಬಂದಿಳಿದವು. ಆ ಸಪ್ಪಳ ಕೇಳುತ್ತ ಅಡುಗೆಮನೆಯಲ್ಲಿ ಸುಮ್ಮನೆ ಕೂತಿರಲು ನನ್ನಿಂದಾಗಲಿಲ್ಲ. ಮೊಮ್ಮಗಳು ಹಿಟ್ಟು ನಾದುತ್ತಿದ್ದಳು.

"ಸ್ಕ್ರೂ ನಾ ತಿರುವಿದ್ನಿ" ಎಂದೆ.

ಅವಳು ನಾದುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ ಆಯಿ. ಸ್ಕ್ರೂ ಎಲ್ಲಿ ನಿಂದರಬೇಕಂತ ಉಗುರಬಣ್ಣದ ಗೆರಿ ಎಳದಿದ್ನಿ. ಅವತ್ತ ಸಂಜಿಗೇ ಬಿಚ್ಚಿ ನೋಡಿದ್ನಿ, ಗೆರಿ ಸರದಿತ್ತ."

"ಮತ್ತ ನಿಮ್ಮಪ್ಪಗ ಯಾಕ ಹೇಳಲಿಲ್ಲ?"

"ಆಯಿ ಕೆಡಿಸ್ಯಾಳ ಅಂತ ಹೇಳ್ಲೇನ? ನೀನ ಹೇಳ್ತಿ ಅಂತ ಕಾದ್ನಿ."

ಎಂಟು ದಿನ ನನಗೆ ಬಿಸಿ ರೊಟ್ಟಿ ಬಡಿಸುತ್ತ ಕಾದಿದ್ದಳು.

ಹೊರಗೆ ಹೋಗಿ ಹಮಾಲರು, ವ್ಯಾಪಾರಿ ಎಲ್ಲರ ಎದುರಿಗೇ ಮಗನಿಗೆ ಹೇಳಿದೆ. ಅವನು ಚೀಲ ಎಣಿಸುವುದನ್ನು ಬಿಟ್ಟು ನನ್ನ ಕಡೆ ತಿರುಗಿದ. "ಈಗ ಹೇಳ್ತಿ ಏನವ್ವಾ? ಮಾತ ಕೊಟ್ಟಾಗೈತಲ್ಲ." ಒಬ್ಬ ಹಮಾಲ ಚೀಲ ಹೊತ್ತುಕೊಂಡೇ ನಕ್ಕ. ನಗಲಿ ಎಂದು ನಿಂತೆ.

ಯಂತ್ರ ಈಗ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿದೆ. ನಿನ್ನೆ ಮಧ್ಯಾಹ್ನ ಅವಳು ಸ್ಕ್ರೂವನ್ನು ಮತ್ತೆ ಗೆರೆಗೆ ತಂದು, ಅದರಲ್ಲಿ ಕಾಫಿ ಮಾಡಿ ಒಂದು ಕಪ್ಪು ನನ್ನ ಮುಂದಿಟ್ಟಳು. ಈ ಸಲ ಬೇಡ ಎನ್ನಲಿಲ್ಲ. ಕಹಿ ಇತ್ತು, ಆದರೆ ಬಾಯಿ ಕಿವುಚುವ ಕಹಿಯಲ್ಲ. ಕೊನೆಗೆ ಕಾಕಂಬಿಯ ಸಿಹಿ ಬಂತು. ಆ ಶನಿವಾರ ಒಂದು ಗುಟುಕು ಕುಡಿದಿದ್ದರೆ ಸ್ಕ್ರೂ ಮುಟ್ಟುತ್ತಿರಲಿಲ್ಲ.

"ಹೆಂಗೈತಿ?" ಎಂದಳು.

"ಚಲೋ ಐತಿ" ಎಂದೆ. ಹೆಚ್ಚಿಗೆ ಹೇಳಲು ಮುಖವಿರಲಿಲ್ಲ. ಗೋಡೆಯ ಆಚೆಯಿಂದ ಗೊಬ್ಬರದ ವಾಸನೆ ಬರುತ್ತಿತ್ತು.