ವೇಲು ಬಿಚ್ಚಿ ಮುಚ್ಚಿದ ಪೆಟ್ಟಿಗೆ

ಈ ಬೆಳಿಗ್ಗೆ ಅಡುಗೆಮನೆಯಲ್ಲಿ ಒಗ್ಗರಣೆಯ ಸಾಸಿವೆ ಸಿಡಿಯಿತು. ಅದರಲ್ಲೇನು ವಿಶೇಷ ಅನ್ನುತ್ತೀರಿ. ವಿದ್ಯಾನಗರದ ಈ ಮನೆಯಲ್ಲಿ ಸಾಸಿವೆ ದಿನವೂ ಸಿಡಿಯುತ್ತದೆ. ನನಗೆ ಕೇಳಿಸಿದ್ದು ಮಾತ್ರ ಎಷ್ಟೋ ಕಾಲದ ಮೇಲೆ. ಕಿವಿಗೆ ಮಿಷನ್ ಹಾಕಿಕೊಂಡು ಇನ್ನೂ ತಿಂಗಳಾಗಿಲ್ಲ; ಎದ್ದ ಕೂಡಲೇ ಹಾಕಿಕೊಂಡದ್ದು ಇವತ್ತೇ ಮೊದಲು. ಹೆಂಡತಿ ಗಿರಿಜಾಳ ಹತ್ತಿರ ಓಡಿ, “ಇನ್ನೊಂದು ಚಮಚ ಹಾಕೇ” ಅಂದೆ. “ನಿಮಗೆ ಸಾಸಿವೆ ಕಛೇರಿ ಮಾಡ್ತಾ ಕೂತ್ರೆ ತಿಂಡಿ ಯಾರು ಮಾಡ್ತಾರೆ?” ಅಂದಳು.

ಸಾಸಿವೆಯ ಆ ಸಣ್ಣ ದನಿಯಿಂದ ಭದ್ರಾವತಿಯ ಗೆಳೆಯ ವೇಲು ನೆನಪಾದ. ನನಗೆ ಹಾಡಿನ ಹುಚ್ಚು ಅನ್ನುವುದು ಅರ್ಧ ಸುಳ್ಳು. ಇರುವುದು ಹಾಡು ಕೇಳಿಸುವ ಪೆಟ್ಟಿಗೆಗಳ ಹುಚ್ಚು. ವೇಲು ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಎರಕಕ್ಕೆ ಮರದ ಅಚ್ಚು ಮಾಡುತ್ತಿದ್ದವನು. ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ ಕೇಳಿ, ಒಲ್ಲದ್ದನ್ನು ಪಕ್ಕಕ್ಕಿಡುವನು. ನನ್ನ ಸ್ಪೀಕರಿನ ಪೆಟ್ಟಿಗೆಗಳು ಅವನ ಕೈಯವೇ; ಒಳಗೆ ಮೇಲಿನ ದನಿ ನುಡಿಸುವ ಪುಟ್ಟ ಟ್ವೀಟರ್ ಹಾಕಿದವನೂ ಅವನೇ. ಪೆಟ್ಟಿಗೆಗಳನ್ನು ಕೂರಿಸಲು ನಮ್ಮದೊಂದು ಪದ್ಧತಿಯಿತ್ತು: ನಾನು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುವುದು, ಅವನು ಪೆಟ್ಟಿಗೆಯನ್ನು ಬೆರಳಗಲ ಬೆರಳಗಲ ಸರಿಸುವುದು, ನಾನು “ಹಾಂ” ಅಂದ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆಯುವುದು. ಹೊಸಮನೆ ಬಡಾವಣೆಯಿಂದ, ಆಯನೂರಿನಿಂದ ಜನ ತಮ್ಮ ಸ್ಪೀಕರು ಹೊತ್ತು ತಂದು ನನ್ನ ಆ “ಹಾಂ”ಗೆ ಕಾಯುತ್ತಿದ್ದರು. ಇಂಥ ಕಿವಿ ಊರಿಗೊಂದೇ ಅನ್ನುವುದು ಅವರ ಮಾತು; ನಾನು ಅಲ್ಲಗಳೆದದ್ದು ನೆನಪಿಲ್ಲ.

ಹೋದ ವರ್ಷ ಹಾಡುಗಳು ಮಂಕಾಗತೊಡಗಿದವು. ತಾಳದ ಝಣ್ ಇಲ್ಲ, ತಂಬೂರಿಯ ಮಿನುಗಿಲ್ಲ. ತಂತಿ ಬದಲಾಯಿಸಿದೆ, ಮೇಲಿನ ದನಿ ಏರಿಸುವ ಟ್ರೆಬಲ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. “ರೀ, ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ, ಕಡಿಮೆ ಮಾಡ್ರೀ” ಎಂದು ಗಿರಿಜಾ ಕೂಗಿದರೆ, ನಿನಗೆ ಸಂಗೀತ ತಿಳಿಯದು ಅಂದೆ. ಕಾಲೇಜಿನಲ್ಲಿ ಮೂವತ್ತು ವರ್ಷ ಶಬ್ದದ ಪಾಠ ಮಾಡಿದ ಭೌತಶಾಸ್ತ್ರದ ಮೇಷ್ಟ್ರಿಗೆ, ತನ್ನ ಕಿವಿಯೂ ಒಂದು ಉಪಕರಣ, ಅದೂ ಸವೆಯುತ್ತದೆ ಅಂತ ಹೊಳೆಯಲಿಲ್ಲ ನೋಡಿ! ವೇಲುವಿಗೆ ಫೋನ್ ಮಾಡಿ ರೇಗಿದೆ: “ಎಂಥ ಟ್ವೀಟರ್ ಹಾಕಿದೀಯೋ ಮಾರಾಯ, ಮೇಲಿನ ದನಿಯೇ ಸತ್ತೋಗಿದೆ.”

ಪಾಪ, ಬಸ್ಸು ಹತ್ತಿ ಬಂದ. ಪೆಟ್ಟಿಗೆ ಬಿಚ್ಚಿ, ಏನೋ ಮಾಡಿ, ಮುಚ್ಚಿದ. “ಈಗ ಕೇಳಿ ಸಾರ್.” “ಹಾಂ, ಈಗ ಸರಿಹೋಯ್ತು ನೋಡು” ಅಂದೆ. ಊಟದ ಹೊತ್ತಿನವರೆಗೆ ಇಬ್ಬರೂ ಹಾಡು ಕೇಳಿದೆವು. ವಾರದೊಳಗೆ ಮತ್ತೆ ಮಂಕು, ಮತ್ತೆ ಫೋನು, ಮತ್ತೆ ಅವನ ಬಸ್ಸು. ಮೂರನೆಯ ಸಲ, “ವಯಸ್ಸಾಯ್ತು ನಿಂಗೆ, ಕೈ ಹೋಗಿದೆ” ಅಂದುಬಿಟ್ಟೆ. ಅವನು ತಲೆ ಎತ್ತದೆ ಸ್ಕ್ರೂ ಬಿಗಿದ.

ಕೊನೆಗೆ ಗಿರಿಜಾ ನನ್ನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಪರೀಕ್ಷೆಯ ಕಾಗದದಲ್ಲಿ ಗೆರೆ ಕೆಳಗಿನ ದನಿಗಳಿರುವ ಎಡಗಡೆ ಚೆನ್ನಾಗಿ ನಡೆದು, ಮೇಲಿನ ದನಿಗಳಿರುವ ಬಲಕ್ಕೆ ಬರುತ್ತಲೇ ದಬಕ್ಕನೆ ಕೆಳಗಿಳಿದಿತ್ತು. ಮೇಷ್ಟ್ರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಿವಿ ಹೋದದ್ದಕ್ಕಿಂತ, ವೇಲುವಿಗೆ ಅಂದ ಮಾತು ನೆನೆದು ಸಂಕಟವಾಯಿತು. ನಲವತ್ತು ವರ್ಷದ ಗೆಳೆಯನನ್ನು ಕಳೆದುಕೊಂಡೆನೇನೋ ಎಂದು ಭಯವಾಯಿತು.

ಮಾರನೆಯ ದಿನವೇ ಭದ್ರಾವತಿಗೆ ಹೋಗಿ ಕಾಗದವನ್ನು ಅವನ ಕೈಗಿಟ್ಟೆ. “ತಪ್ಪು ನಂದು ಕಣೋ. ಕೆಟ್ಟಿದ್ದು ನನ್ನ ಕಿವಿ.”

“ಗೊತ್ತು ಸಾರ್. ಮೊದಲನೇ ಸಲನೇ ಗೊತ್ತಾಯ್ತು. ಅದೇ ಟ್ವೀಟರ್ ಬಿಚ್ಚಿ, ಒರೆಸಿ, ಅದನ್ನೇ ಹಾಕ್ದೆ. ನೀವು ಸರಿಹೋಯ್ತು ಅಂದ್ರಿ.”

ನನಗೆ ಸಿಟ್ಟೇ ಬಂತು. “ಹಾಗಿದ್ರೆ ಆಮೇಲೆ ಎರಡು ಸಲ ಯಾಕೋ ಬಂದೆ, ಬೈಸ್ಕೊಳ್ಳೋಕಾ?”

“ಏನಾದ್ರೂ ಕೆಟ್ರೆ ತಾನೇ ಸಾರ್ ನೀವು ಕರೆಯೋದು?” ಅಂದ. “ಬಿಚ್ಚಿ ಮುಚ್ಚಿದ್ರೆ ಊಟದವರೆಗೂ ಜೊತೇಲಿ ಕೂತು ಹಾಡು ಕೇಳಬಹುದಲ್ಲ.”

ಅವನ ಮನೆಯ ಕಾಫಿ ಕುಡಿದು ಬಸ್ಸು ಹತ್ತಿದೆ. ನಾಚಿಕೆಯಿಂದ ಆಮೇಲೆ ಅವನಿಗೆ ಫೋನನ್ನೂ ಮಾಡಲಿಲ್ಲ.

ಈಗ ಸ್ಪೀಕರು ತರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೆಳಗಿನ, ನಡುವಿನ ದನಿಗೆ ನಾನಿದ್ದೇನೆ, ಮೇಲಿನದ್ದನ್ನು ಗಿರಿಜಾಳನ್ನು ಕೇಳಿ. ಇದುವರೆಗೆ ಯಾರೂ ವಾಪಸು ಹೋಗಿಲ್ಲ. ಮಿಷನ್ ಹಾಕಿದರೆ ತಾಳ ತಗಡು ಬಡಿದಂತೆ ಕೇಳುತ್ತದೆ, ನಿಜ. ತೆಗೆದರೆ ಮೃದಂಗದ ಎಡದ ಗುಂಕಾರ ಮೊದಲಿನಂತೆಯೇ ಎದೆಗೆ ಬರುತ್ತದೆ. ಎರಡನ್ನೂ ಬಿಡುವ ಆಸಾಮಿಯಲ್ಲ ನಾನು.

ಇವತ್ತು ತಿಂಡಿ ಮುಗಿಸಿ ವೇಲುವಿಗೆ ಫೋನ್ ಮಾಡಿದೆ.

“ಏನು ಕೆಟ್ಟಿದೆ ಸಾರ್?” ಅಂದ.

“ಏನೂ ಕೆಟ್ಟಿಲ್ಲ. ಬಾ,” ಅಂದೆ.