ಉದ್ದ ಕಾಲಿನ ಕುರಿ ಮತ್ತು ನನ್ನ ಕೋಷ್ಟಕ

ಭಾನುವಾರ ಬೆಳಿಗ್ಗೆ ಏಳಕ್ಕೆ ಮಾಲೂರಿನಲ್ಲಿ ಕೋಲಾರದ ಬಸ್ಸು ಹತ್ತಿದೆ. ಉಳಿದ ದಿನಗಳಲ್ಲಿ ನನ್ನದು ಬೆಂಗಳೂರಿನ ರೈಲು. ಅಲ್ಲಿನ ಪ್ರಯೋಗಾಲಯವೊಂದರಲ್ಲಿ ಮಾಂಸ ತೂಗಿ ಬರೆದಿಡುವುದು ನನ್ನ ಕೆಲಸ. ಕುಯ್ದ ಕುರಿಯ ತೂಕ, ಮೈಯುದ್ದ, ಕಾಲಿನ ಉದ್ದ ನೋಡಿ, ಮೂಳೆ ಬಿಡಿಸಿದರೆ ಮಾರಲು ಎಷ್ಟು ಮಾಂಸ ಉಳಿಯುತ್ತದೆಂದು ಮೊದಲೇ ಹೇಳುವ ಕೋಷ್ಟಕವೊಂದನ್ನು ಮಾಡಿದ್ದೆ. ಅದನ್ನು ನಂಬಿ ಮುಳಬಾಗಿಲಿನ ಕುರಿ ಸಾಕುವ ಹೆಂಗಸರ ಸಂಘವೊಂದು ತಮ್ಮ ಹಿಂಡಿಗೆ ನೆಲ್ಲೂರು ತಳಿಯ ಟಗರುಗಳನ್ನು ತರಲು ಅಂದೇ ಸಂಜೆ ಹೊರಡುವುದಿತ್ತು. ಆದರೆ ನಾನು ಅಳೆದದ್ದೆಲ್ಲ ಬನ್ನೂರು ತಳಿಯ ಕುರಿಗಳನ್ನು. ನೆಲ್ಲೂರಿಗೂ ಅದೇ ಲೆಕ್ಕ ಸಾಕೆಂದುಕೊಂಡಿದ್ದೆ. ಅವರು ಹೊರಡುವ ಮುಂಚೆ ಅದನ್ನೊಮ್ಮೆ ತೂಗಿ ನೋಡಲು ಹೊರಟಿದ್ದೆ.

ಕೋಲಾರದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆ. ಶ್ರೀನಿವಾಸಪುರ ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿ ಮಟನ್ ಅಂಗಡಿ ಇಟ್ಟಿರುವ ನಾಗರಾಜಪ್ಪನವರಿಗೆ ಎರಡು ತಳಿಯದೂ ಒಂದೊಂದು ಇಟ್ಟಿರಲು ಮೊದಲೇ ಹೇಳಿದ್ದೆ. ಗಿರಾಕಿಗಳು ಕಡಿಮೆಯಾದ ಮೇಲೆ ಅವರು ಒಂದೇ ತೂಕದ ಎರಡು ಕುರಿಗಳನ್ನು ಕೊಕ್ಕೆಯಿಂದ ಇಳಿಸಿದರು. ಒಂದು ಬನ್ನೂರಿನದು, ಗಿಡ್ಡ. ಇನ್ನೊಂದು ನೆಲ್ಲೂರಿನದು, ಉದ್ದ ಕಾಲಿನದು. ಟೇಪು ಹಿಡಿದು ಅಳೆದೆ. ಕೋಷ್ಟಕದ ಪ್ರಕಾರ, ಕಾಲು ಉದ್ದವಿದ್ದುದರಿಂದ ನೆಲ್ಲೂರಿನದರಲ್ಲೇ ಮಾಂಸ ಹೆಚ್ಚಿರಬೇಕಿತ್ತು.

ನಾಗರಾಜಪ್ಪ ಒಂದು ಗಂಟೆ ಕೂತು ಮೂಳೆ ಬಿಡಿಸಿದರು. ತೂಗಿದಾಗ ಬನ್ನೂರಿನ ಲೆಕ್ಕ ಸರಿಬಂತು. ನೆಲ್ಲೂರಿನದರಲ್ಲಿ ಮಾಂಸ ಲೆಕ್ಕಕ್ಕಿಂತ ಒಂದು ಕಿಲೋಗೂ ಮಿಕ್ಕಿ ಕಡಿಮೆ ಬಂತು.

"ಇನ್ನೊಂದ್ಸಲ ತೂಗಿ" ಅಂದೆ.

"ಎಷ್ಟು ಸಲ ತೂಗಿದ್ರೂ ಅಷ್ಟೇ ಸಾರ್. ಕಾಲು ಉದ್ದ ಇದೆ, ಅದ್ರಲ್ಲಿ ಇರೋದು ಮೂಳೆ" ಎಂದು ಅವರು ಕೈ ತೊಳೆಯಲು ಹೋದರು.

ಸಂಘದವರಿಗೆ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕೋಷ್ಟಕ ಕೊಡುವಾಗ ಅವರೆದುರು ನಿಂತು ವಿವರಿಸಿದವನು ನಾನು. ಮುಳಬಾಗಿಲಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾವಿನ ತೋಟಗಳಿದ್ದವು. ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದ ನಾನು ಹೆಚ್ಚು ನೋಡಲಿಲ್ಲ.

ಸಂಘದ ಮುಖ್ಯಸ್ಥೆ ರತ್ನಮ್ಮ ಟೆಂಪೋ ಪಕ್ಕದಲ್ಲೇ ನಿಂತಿದ್ದರು. ಇಬ್ಬರು ಹೆಂಗಸರು ಅದರೊಳಗೆ ರಾಗಿ ಹುಲ್ಲು ಹಾಸುತ್ತಿದ್ದರು. ನನ್ನ ಲೆಕ್ಕ ತಪ್ಪಿದೆ ಎಂದೆ. ಕೆಲಸ ನಿಂತಿತು.

"ಹಂಗಾದ್ರೆ ಯಾವ್ದು ತರೋದು?" ರತ್ನಮ್ಮ ಕೇಳಿದರು.

"ಗೊತ್ತಿಲ್ಲಮ್ಮ. ಒಂದು ಕುರಿ ನೋಡಿ ಹೇಳೋಕಾಗಲ್ಲ. ಇನ್ನೂ ಹಲವಾರು ತೂಗಬೇಕು."

"ಗೊತ್ತಿಲ್ಲ ಅನ್ನೋಕೆ ಮಾಲೂರಿಂದ ಬಂದ್ರಾ?"

ಹೌದೆಂದೆ. ಅವರ ಮುಖ ಬಿಗಿದಿತ್ತು. ಒಳಗಿದ್ದವರೊಂದಿಗೆ ತೆಲುಗಿನಲ್ಲಿ ಏನೋ ಮಾತಾಡಿದರು. ಆಮೇಲೆ, "ಮುಂದಿನ ಭಾನುವಾರ ಬನ್ನಿ. ಈ ಸಲ ನಮ್ಮ ಕಣ್ಮುಂದೆ ತೂಗಿ" ಅಂದರು. ಕಾಫಿ ಕುಡಿಯಿರಿ ಎನ್ನಲಿಲ್ಲ.

ಕೋಲಾರಕ್ಕೆ ಹೋಗುವ ಬಸ್ಸು ಬೇಗ ಸಿಕ್ಕಿತು. ಕಿಟಕಿಯಿಂದ ಹಿಂತಿರುಗಿ ನೋಡಿದೆ. ಹೆಂಗಸರು, ಹಾಸಿದ್ದ ಹುಲ್ಲನ್ನು ಕಂತೆ ಕಟ್ಟಿ, ಟೆಂಪೋದಿಂದ ಕೆಳಗಿಳಿಸುತ್ತಿದ್ದರು.