ಪೂಜೆಗೆ ಕೂತ ಪಠ್ಯಪುಸ್ತಕ

ಎಪ್ಪತ್ತರ ದಶಕದ ಮೊದಲ ವರ್ಷಗಳು. ಔರಂಗಾಬಾದಿನ ನಮ್ಮ ಕಾಲೇಜಿನಲ್ಲಿ ಆಹಾರ ವಿಜ್ಞಾನದ ಮೊದಲ ಪಾಠಗಳ ಪುಸ್ತಕದ ಒಂದೇ ಪ್ರತಿ ಇತ್ತು. ದಸರಾ ರಜೆಯಲ್ಲಿ ಅದು ಸರದಿಯ ಮೇಲೆ ಒಬ್ಬೊಬ್ಬರಿಗೆ ಮೂರು ದಿನ. ರಜೆ ಮುಗಿದ ಕೂಡಲೇ ಪರೀಕ್ಷೆ. ಆಹಾರ ಕೆಡದಂತೆ ಡಬ್ಬಿಯಲ್ಲಿ ಮುಚ್ಚಿ ಕಾಯಿಸುವ ವಿಧಾನದ ಅಧ್ಯಾಯವನ್ನು ನಾನು ಪೂರ್ತಿ ನಕಲು ಮಾಡಿಕೊಳ್ಳಬೇಕಿತ್ತು.

ಪುಸ್ತಕದೊಂದಿಗೆ ಓಝರಿನ ನಮ್ಮ ಮನೆಗೆ ಬಂದೆ. ಅಪ್ಪ ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಫಿಟರ್. ನವಮಿಯ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಪುಸ್ತಕವನ್ನು ಆಯುಧಪೂಜೆಗೆಂದು ದೇವರ ಮುಂದೆ, ಅಪ್ಪನ ಅಳತೆಯ ಮೈಕ್ರೊಮೀಟರಿನ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿಬಿಟ್ಟಿದ್ದಳು. ದಶಮಿಯವರೆಗೆ ಅದನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ. ದಶಮಿಯ ಮೊದಲ ಬಸ್ಸಿಗೆ ನಾನು ಹೊರಡಬೇಕು. ಮುಂದಿನ ಸರದಿಯವಳು ಕಾಯುತ್ತಿರುತ್ತಾಳೆ.

"ಅದು ಕಾಲೇಜಿಂದು, ಅವ್ವ."

"ಯಾರದಾದ್ರೇನು? ವರ್ಷಕ್ಕೊಮ್ಮಿ ಸರಸ್ವತಿಗೂ ಸೂಟಿ ಬ್ಯಾಡೇನು?"

"ನಾನೂ ಕೈ ಕಟ್ಟಿ ಕುಂತೀನಲ್ಲ," ಎಂದರು ಅಪ್ಪ.

ಹಿತ್ತಲಿಗೆ ಹೋದೆ, ಬಂದೆ. ಒಣಗಿದ ಬಟ್ಟೆ ಮಡಚಿದೆ, ಮತ್ತೆ ಬಿಡಿಸಿ ಮಡಚಿದೆ. ಪೆನ್ನಿಗೆ ಮಸಿ ತುಂಬಿ ಮುಚ್ಚಳ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ದೇವರ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದೆ. ಕೈ ಪುಸ್ತಕದ ಕಡೆ ಚಾಚಿತ್ತು.

"ಏ! ಮುಟ್ಟಬ್ಯಾಡ." ಅವ್ವ ಹಿಂದೆಯೇ ಇದ್ದಳು. ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ದೇವರ ಮುಂದೆ ಕೂತಳು. "ನಾ ಮಡಿಯಾಗ ಇದ್ದೀನಿ, ನಾ ತಿರುವ್ತೀನಿ. ನೀ ದೂರ ಕುಂತು ಬರಕೊ. ಸರಸ್ವತಿ ಕೇಳಿದ್ರ ನನ್ನ ಹೆಸರು ಹೇಳು."

ಅವ್ವನಿಗೆ ಇಂಗ್ಲಿಷ್ ಬಾರದು. ಒಮ್ಮೊಮ್ಮೆ ಎರಡು ಹಾಳೆ ಒಟ್ಟಿಗೆ ತಿರುವುತ್ತಿದ್ದಳು. ನಾನು "ಹಿಂದಕ್ಕವ್ವ, ಹಿಂದಕ್ಕ" ಎನ್ನುತ್ತಿದ್ದೆ. ಕತ್ತು ಚಾಚಿ ಬರೆಯುವಾಗ ಅಕ್ಷರಗಳು ಸಾಲು ತಪ್ಪುತ್ತಿದ್ದವು.

"ಇಷ್ಟು ದಪ್ಪ ಪುಸ್ತಕ, ಒಂದೂ ಅಡಗಿ ಬರದಿಲ್ಲ?" ಎಂದಳು.

"ಅಡಗಿ ಕೆಡಬಾರದು ಅಂತ ಬರದಾರ."

"ಕೆಡೋತನಕ ಯಾಕ ಇಡಬೇಕು? ಉಂಡು ಮುಗಿಸಬೇಕು."

ಇನ್ನೂ ಎರಡು ಪುಟ ಉಳಿದಿದ್ದಾಗ ಬಾಗಿಲಲ್ಲಿ ಬಳೆಗಳ ಸದ್ದಾಯಿತು. ನೆರೆಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದಿದ್ದರು. ನನ್ನ ಪೆನ್ನು ನಿಂತಿತು.

"ಕುಂದರ್ರೀ, ಬಂದೆ," ಎಂದು ಅವ್ವ ಕೂತಲ್ಲಿಂದಲೇ ಕೂಗಿದಳು. ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಗದರಿದಳು: "ನನ್ನ ಮಾರಿ ಏನು ನೋಡ್ತಿ? ಬರಿ."